ಹಸಿ ಮಣ್ಣಿನ ಸಲಿಕೆ

ಮಾರ್ತಾ ಬಟ್ಟೆ ಒಗೆಯಲು ಹೊಳೆಗೆ ಹೋದಾಗ ಪಕ್ಕೀರವ್ವ ಅವಳ ಕೋಣೆ ಗುಡಿಸಲು ಹೊಕ್ಕಳು. ಗುಡಿಸುವುದು ಬರೀ ನೆಪ. ಮಂಚದ ಕೆಳಗೆ ನಾಲ್ಕು ಲಿಂಬೆಹಣ್ಣು, ಬೆಟ್ಟದ ಗುಡಿಯ ಕುಂಕುಮದ ಪೊಟ್ಟಣ, ಅಲ್ಲಲ್ಲಿ ಮಸಿಯ ಸುತ್ತು ಹಾಕಿದ ನಕಾಶೆ ಇದ್ದವು. ಚೀಲದ ಪಕ್ಕದ ಜೇಬಿನಲ್ಲಿ ಅಂಗೈಯಗಲದ ಸಲಿಕೆ. ಅದಕ್ಕೆ ಮೆತ್ತಿದ ಮಣ್ಣು ಇನ್ನೂ ಹಸಿ.

ಆನೆಗೊಂದಿಯವರಿಗೆ ಇದರ ಅರ್ಥ ಹೇಳಿಕೊಡಬೇಕಿಲ್ಲ. ಹಾಳು ಮಂಟಪಗಳಡಿ ರಾಜರ ಹೊನ್ನು ಇದೆಯೆಂದು ನಂಬಿದವರು ಲಿಂಬೆ, ಕುಂಕುಮ ಇಟ್ಟು ಪೂಜಿಸಿ ನೆಲ ಅಗೆಯುತ್ತಾರೆ. ಹೋದ ವರ್ಷ ಅಂಥ ಇಬ್ಬರು ಸಿಕ್ಕಿಬಿದ್ದಾಗ, ಅವರಿಗೆ ಮನೆ ಕೊಟ್ಟಿದ್ದ ಓಬಳೆಪ್ಪ ಮೂರು ತಿಂಗಳು ಠಾಣೆಗೆ ಅಲೆದಿದ್ದ.

ಮಾರ್ತಾ ಪೋಲಂಡಿನವಳು. ಒಂಬತ್ತು ತಿಂಗಳಿಂದ ಬೆನ್ನಿಗೊಂದು ಚೀಲ ಹಾಕಿಕೊಂಡು ದೇಶ ದೇಶ ಸುತ್ತಿ, ಕೊನೆಗೆ ಇಲ್ಲಿಗೆ ಬಂದಿದ್ದಳು. ಹೊಳೆಯಂಚಿನ ಲಾಡ್ಜುಗಳ ಗದ್ದಲ ಬೇಡವೆಂದು ಪಕ್ಕೀರವ್ವನ ಮನೆಯಲ್ಲಿ ಕೋಣೆ ಹಿಡಿದು ಹತ್ತು ದಿನವಾಗಿತ್ತು. ನಾಳೆ ಮುಂಜಾನೆಯ ಬಸ್ಸಿಗೆ ಹೊರಡುವವಳು. ಮೂರನೆಯ ದಿನ ಮುಂಬಯಿಯಿಂದ ವಿಮಾನ. ಪಾಸ್‌ಪೋರ್ಟು, ಟಿಕೇಟು ಇದ್ದ ಕೊರಳಚೀಲವನ್ನು ಬಂದ ದಿನವೇ ಪಕ್ಕೀರವ್ವನ ಕೈಗೊಪ್ಪಿಸಿ ಕೈ ಮುಗಿದಿದ್ದಳು. ಅದು ಟ್ರಂಕಿನಲ್ಲಿ ಭದ್ರವಾಗಿತ್ತು.

ದಿನಾ ನಸುಕಿನಲ್ಲಿ ಅವಳು ಶಾಲು ಹೊದ್ದು ಒಬ್ಬಳೇ ಬಾಳೆತೋಟದ ಹಿಂದಿನ ಬಂಡೆಗಳತ್ತ ನಡೆಯುವುದನ್ನು ಪಕ್ಕೀರವ್ವ ಕಂಡಿದ್ದಳು. ಹೋಗುವಾಗ ಎರಡು ಸಲ ತಿರುಗಿ ನೋಡುವಳು. ಯಾರಾದರೂ ಎದುರಾದರೆ ಗಿಡದ ಹೂ ನೋಡುವವಳಂತೆ ನಿಂತುಬಿಡುವಳು. ಈಗ ಎಲ್ಲವೂ ಒಂದಕ್ಕೊಂದು ಕೂಡಿಕೊಂಡಿತು.

ಪಕ್ಕೀರವ್ವ ಮೈದುನ ಲಕ್ಷ್ಮಣಪ್ಪನಿಗೆ ಹೇಳಿದಳು. ಅವನು ಪೂರ್ತಿ ಕೇಳಿದ.

"ಆಕಿ ಕೊರಳಚೀಲ ಕೊಡಬ್ಯಾಡ, ವೈನಿ. ಅದು ನಿನ್ನ ಕೈಯಾಗ ಇರೂತನಕ ಆಕಿ ಎಲ್ಲಿಗೂ ಹೋಗಂಗಿಲ್ಲ. ಮೊದಲ ನಾ ಆ ಜಾಗ ನೋಡಿ ಬರ್ತೀನಿ. ಪೊಲೀಸರು ಆಮ್ಯಾಲ."

ಹಾರೆ ಹೊತ್ತು ಹೊರಟವನ ಅವಸರ ಕಂಡು ಪಕ್ಕೀರವ್ವನಿಗೆ ಅವನ ಮೇಲೂ ಗುಮಾನಿ ಬಂತು.

ಮಧ್ಯಾಹ್ನ ಮಾರ್ತಾ ಬಂದು ಕೊರಳು ತೋರಿಸಿ ಚೀಲ ಕೇಳಿದಳು. ಟ್ರಂಕಿನ ಕೀಲಿಕೈ ಕಳೆದಿದೆಯೆಂದು ಪಕ್ಕೀರವ್ವ ಕೈಸನ್ನೆ ಮಾಡಿದಳು. ಅಷ್ಟರಲ್ಲಿ ಅವಳ ಸೊಂಟದಲ್ಲಿದ್ದ ಕೀಲಿಗೊಂಚಲು ಝಣ್ ಎಂದಿತು. ಇಬ್ಬರಿಗೂ ಕೇಳಿಸಿತು. ಮಾರ್ತಾ ಹೊಸ್ತಿಲ ಬಳಿ ಕೂತಳು. ಸಂಜೆಯಾದರೂ ಏಳಲಿಲ್ಲ. ಅವಳತ್ತ ನೋಡಲಾರದೆ ಪಕ್ಕೀರವ್ವ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದಳು.

ಗಂಗಾವತಿಯ ಕಾಲೇಜಿನಿಂದ ಮಗಳು ರಂಜಿತಾ ಬಂದಳು. ಅವಳಿಗೆ ಒಂದಿಷ್ಟು ಇಂಗ್ಲಿಷು ಬರುತ್ತಿತ್ತು. ಸಲಿಕೆಯನ್ನು ಮುಂದಿಟ್ಟು ಕೇಳೆಂದು ತಾಯಿ ಹೇಳಿದಳು. ಮಾರ್ತಾಳ ಮುಖ ಕೆಂಪಾಯಿತು. ತಲೆ ತಗ್ಗಿಸಿ ಏನೋ ಹೇಳಿ ಹಿತ್ತಲಿನತ್ತ ಬೆರಳು ತೋರಿದಳು. ಅಲ್ಲಿ ಸರಕಾರ ಕಟ್ಟಿಸಿಕೊಟ್ಟ ಪಾಯಖಾನೆ ಇತ್ತು. ಕಟ್ಟಿಸಿದಂದಿನಿಂದ ಅದರ ತುಂಬ ಒಲೆಗೆ ಬೇಕಾದ ಸಗಣಿ ಕುಳ್ಳು ಒಟ್ಟಿತ್ತು.

"ಯವ್ವಾ, ಹತ್ತು ದಿನ ಆತು," ಎಂದಳು ರಂಜಿತಾ, ನಗಲೂ ಆಗದೆ. "ಆಕಿ ಎಲ್ಲಿಗೆ ಹೋಗ್ತಾಳ ಅಂತ ನಾವ್ ಯಾರರ ಕೇಳಿವೇನು? ಹೊಲಸು ಹಂಗ ಬಿಡಬಾರದಂತ ತಗ್ಗು ತೋಡಿ ಮುಚ್ಚಿ ಬರ್ತಾಳಂತ."

"ಲಿಂಬಿಹಣ್ಣು?"

"ಪಾನಕಕ್ಕ. ನಕಾಶೆದಾಗಿನ ಸುತ್ತು ಆಕಿ ವಸ್ತಿ ಮಾಡಿದ ಊರುಗಳು."

ಓಣಿಯ ಹೆಂಗಸರು ನಸುಕಿನಲ್ಲಿ ತಂಬಿಗೆ ಹಿಡಿದು, ಒಬ್ಬರನ್ನೊಬ್ಬರು ಕರೆದುಕೊಂಡೇ ಬಯಲಿಗೆ ಹೋಗುವವರು. ಹೊಸ ಸೊಸೆ ಬಂದರೆ ಮೊದಲ ದಿನವೇ ಅವಳ ಬಾಗಿಲಲ್ಲಿ ಕರೆಯುತ್ತಾರೆ. ಮಾರ್ತಾಳನ್ನು ಕರೆಯಬೇಕೆಂದು ಪಕ್ಕೀರವ್ವನಿಗೆ ಹೊಳೆದೇ ಇರಲಿಲ್ಲ.

ಅಷ್ಟರಲ್ಲಿ ಲಕ್ಷ್ಮಣಪ್ಪ ಬಂದ. ಹಾರೆಯನ್ನು ಅಂಗಳದಾಚೆಯೇ ಎಸೆದು, ಬೂದಿ ಹಚ್ಚಿ ಹಚ್ಚಿ ಕೈ ತೊಳೆದ.

"ಪೊಲೀಸರು ಬ್ಯಾಡ, ವೈನಿ."

"ಏನರ ಸಿಕ್ತೇನು?"

ಅವನು ಮತ್ತೊಮ್ಮೆ ಬೂದಿ ತೆಗೆದುಕೊಂಡ.

ಪಕ್ಕೀರವ್ವ ಸೊಂಟದಿಂದ ಗೊಂಚಲು ತೆಗೆದು, ಮಾರ್ತಾಳ ಎದುರೇ ಟ್ರಂಕು ತೆರೆದು ಚೀಲ ಕೊಟ್ಟಳು. ಮಾರ್ತಾ ಅಲ್ಲೇ ನಿಂತು ಪಾಸ್‌ಪೋರ್ಟಿನ ಒಂದೊಂದೇ ಹಾಳೆ ತಿರುವಿದಳು, ಟಿಕೇಟನ್ನು ಬೆಳಕಿಗೆ ಹಿಡಿದು ನೋಡಿದಳು. ತಪ್ಪಾಯಿತೆಂದು ಅವಳಿಗೆ ಹೇಳು ಎನ್ನಲು ಮಗಳ ಮುಖ ನೋಡಿದ ಪಕ್ಕೀರವ್ವ, ಹಾಗೇ ತಿರುಗಿ ಟ್ರಂಕಿಗೆ ಬೀಗ ಹಾಕಿದಳು.

ಮರುದಿನ ನಸುಕಿನಲ್ಲಿ ಎರಡು ತಂಬಿಗೆ ತುಂಬಿಕೊಂಡು ಕೋಣೆಯ ಬಾಗಿಲಲ್ಲಿ ನಿಂತು ಕರೆದಳು.

"ಮಾರ್ತವ್ವಾ, ಬರ್ತಿಯೇನು?"

ಮಾರ್ತಾ ಹೊರಗೆ ಬಂದು ತಂಬಿಗೆಯನ್ನೂ ಅವಳ ಮುಖವನ್ನೂ ನೋಡಿ, ಜತೆಗೆ ನಡೆದಳು. ಓಣಿಯ ಹೆಂಗಸರು ಅವಳಿಗೆ ಜಾಗ ಬಿಟ್ಟು, ಏನೋ ಚೇಷ್ಟೆ ಮಾಡಿ ನಕ್ಕರು. ಅವಳೂ ನಕ್ಕಳು. ಒಂದು ಕೈಯಲ್ಲಿ ತಂಬಿಗೆ ಹಿಡಿದಿದ್ದಳು. ಇನ್ನೊಂದು ಕೈ ದಾರಿಯುದ್ದಕ್ಕೂ ಕೊರಳಚೀಲವನ್ನು ಬಿಡಲಿಲ್ಲ.