ಸಂಬಂಧದ ಖಾನೆ

ಸರಕಾರದ ಲೆಕ್ಕದಲ್ಲಿ ಅನಸೂಯಾಬಾಯಿಗೆ ಕುಟುಂಬವೇ ಇರಲಿಲ್ಲ.

"ಗಂಡ ತೀರಿಕೊಂಡಾರ, ಮಕ್ಕಳಿಲ್ಲ. ಕಾನೂನಿನ್ಯಾಗ ಉಳದದ್ದು ತಾಯಿ-ತಂದಿ ಅಷ್ಟೇ, ಅವರೂ ಇಲ್ಲ." ಗುಮಾಸ್ತ ನರಸಪ್ಪ ಪ್ರಯಾಣಭತ್ಯೆಯ ನಮೂನೆಯ ಮೇಲೆ ಬೆರಳಾಡಿಸಿದ. "ಅತ್ತಿ ಎಲ್ಲೂ ಇಲ್ರಿ ಬಾಯಾರ. ಈ ಕಾನೂನು ಬರದಾಂವಗ ಅತ್ತಿ ಭಾಳ ಕಾಡಿದ್ದಳೇನೋ."

ಅನಸೂಯಾಬಾಯಿ ನಗಲಿಲ್ಲ. ಚಿಂಚೋಳಿಯ ಕನ್ಯಾಶಾಲೆಯಲ್ಲಿ ಶಿಕ್ಷಕಿಯಾಗಿದ್ದವಳು ಶಹಾಬಾದಿಗೆ ವರ್ಗವಾಗಿ ತಿಂಗಳಾಗಿತ್ತು. ಅತ್ತೆ ಸೀತಾಬಾಯಿ ಮಡಿ ಹೆಂಗಸು, ಬಸ್ಸಿನಲ್ಲಿ ಎಲ್ಲರ ನಡುವೆ ಕೂಡುವವಳಲ್ಲ. ಅವಳಿಗಾಗಿ ಸುಲೇಪೇಟದ ಮೇಲೆ ಸೇಡಂವರೆಗೆ ಕಮಾನು ಕಟ್ಟಿದ ಬಂಡಿ ಮಾಡಬೇಕಾಯಿತು. ರೈಲಿನಲ್ಲಿ ಹೆಂಗಸರ ಡಬ್ಬಿ ಇತ್ತು. ವಾಡಿಯಲ್ಲಿ ಗಾಡಿ ಬದಲಿಸಿ ಇಲ್ಲಿಗೆ ಬರುವವರೆಗೂ ಮುದುಕಿ ಹನಿ ನೀರು ಮುಟ್ಟಲಿಲ್ಲ. ಖರ್ಚಾದದ್ದು ಅವಳ ಕಣ್ಣಿನ ಆಪರೇಶನ್ನಿಗೆ ಎತ್ತಿಟ್ಟ ದುಡ್ಡು. ಬಲಗಣ್ಣು ಮೊದಲೇ ಹೋಗಿತ್ತು. ಎಡಗಣ್ಣನ್ನು ದೀಪಾವಳಿಯೊಳಗೆ ಕೊಯ್ಯದಿದ್ದರೆ ಅದೂ ಉಳಿಯದೆಂದು ಡಾಕ್ಟರು ಹೇಳಿದ್ದರು. ಆ ದುಡ್ಡು ಭತ್ಯೆಯಾಗಿ ತಿರುಗಿ ಬರದಿದ್ದರೆ, ಪಗಾರಿನಲ್ಲಿ ಮತ್ತೆ ಅಷ್ಟು ಉಳಿಸಲು ವರ್ಷ ಬೇಕು.

"ತಾಯಿ ಅಂತ ಬರದಬಿಡ್ತೀನಿ," ಎಂದ ನರಸಪ್ಪ. "ಯಾರ ನೋಡಾಕ ಬರ್ತಾರ? ಅವರದೊಂದು ಹೆಬ್ಬೆಟ್ಟು ಸಾಕು."

ಆದಿತ್ಯವಾರ ಅವನೇ ಮನೆಗೆ ಬಂದ. ಮಡಿಗೆ ಅಂಜಿ ಮಸಿಯ ಡಬ್ಬಿಯನ್ನು ನೆಲದ ಮೇಲಿಟ್ಟು ದೂಡಿದ. ಅನಸೂಯಾಬಾಯಿ ಅತ್ತೆಯ ಹೆಬ್ಬೆರಳು ಹಿಡಿದು ಮಸಿಗೆ ಅದ್ದಿದಳು.

"ಏನ ಬರದಾರ, ಓದು," ಎಂದಳು ಸೀತಾಬಾಯಿ.

ಅವಳ ಕಣ್ಣಿಗೆ ಅಕ್ಷರ ಕಾಣುತ್ತಿರಲಿಲ್ಲ. ಏನು ಓದಿದರೂ ನಡೆಯುತ್ತಿತ್ತು. ಅನಸೂಯಾಬಾಯಿ ಇದ್ದದ್ದನ್ನೇ ಓದಿದಳು. "ಸೀತಾಬಾಯಿ. ವಯಸ್ಸು ಅರವತ್ತೆರಡು. ಸಂಬಂಧ, ತಾಯಿ."

"ಯಾರ ತಾಯಿ?"

"ನನ್ನ."

ಮುದುಕಿಯ ಕೈ ಬಿಗಿಯಾಯಿತು. "ನಾ ನಿನ್ನ ತಾಯಿ ಆದರ, ನನ್ನ ವಿಠ್ಠಲ ನಿನಗೇನಾಗಬೇಕು?"

"ಕಾಗದದಾಗ ಅಷ್ಟ್ರೀ ಅವ್ವಾರ," ನರಸಪ್ಪ ನಡುವೆ ಬಾಯಿ ಹಾಕಿದ. "ಮನ್ಯಾಗ ನೀವು ಅತ್ತಿನೇ. ಬೇಕಾದಷ್ಟು ಬೈರಿ."

"ನನ್ನ ಮಗ ಈಗ ಕಾಗದದಾಗ ಅಷ್ಟೇ ಅದಾನಪಾ. ಇಕಿ ನೌಕರಿ ಕಾಗದದಾಗ ವಿಠ್ಠಲನ ಹೆಂಡತಿ ಅಂತ ಬರದದ. ಬ್ಯಾರೆ ಎಲ್ಲಿ ಅದಾನ, ತೋರಸು ನೋಡೂಣು."

"ಅತ್ಯಾ, ಕಣ್ಣು ಹೋಗ್ತದ."

"ಕಣ್ಣು ನಂದು."

ಅನಸೂಯಾಬಾಯಿ ಹದಿನಾರನೆಯ ವಯಸ್ಸಿಗೆ ಗಂಡನನ್ನು ಕಳೆದುಕೊಂಡವಳು. ಅವನ ಮುಖ ಅವಳಿಗೆ ಸರಿಯಾಗಿ ನೆನಪಿರಲಿಲ್ಲ. ಹೆಬ್ಬೆರಳು ಇನ್ನೂ ಅವಳ ಕೈಯಲ್ಲೇ ಇತ್ತು. ಒತ್ತಿದ್ದರೆ ತಡೆಯುವ ಕಸುವು ಮುದುಕಿಗಿರಲಿಲ್ಲ. ಬಿಟ್ಟಳು. ನರಸಪ್ಪನ ಪೆನ್ನು ಇಸಿದುಕೊಂಡು 'ತಾಯಿ' ಎಂಬುದನ್ನು ಹೊಡೆದು 'ಅತ್ತೆ' ಎಂದು ಬರೆದಳು.

"ಇದು ವಾಪಸ್ ಬರ್ತದ್ರಿ ಬಾಯಾರ."

"ಬರ್ಲಿ," ಎನ್ನುತ್ತ ಸೀತಾಬಾಯಿ ತಾನೇ ಕೈ ಮುಂದೆ ಮಾಡಿದಳು. "ಈಗ ಒತ್ತಸು."

ಬಿಲ್ಲು ತಿರುಗಿ ಬಂದಾಗ ದೀಪಾವಳಿ ಕಳೆದು ಹದಿನೈದು ದಿನವಾಗಿತ್ತು. ಅನಸೂಯಾಬಾಯಿಯ ಟಿಕೀಟಿನ ದುಡ್ಡು ಮಂಜೂರಾಗಿತ್ತು. ಅತ್ತೆಯ ಹೆಸರಿದ್ದ ಎರಡನೆಯ ಸಾಲಿನ ಮೇಲೆ ಕೆಂಪು ಗೆರೆ. ಅವಳು ಅದನ್ನು ಓದಿ ಹೇಳುತ್ತಿದ್ದಾಗ ಸೀತಾಬಾಯಿ ಗೋಡೆ ಹಿಡಿದು, ಹೆಜ್ಜೆ ಎಣಿಸುತ್ತ, ನೀರಿನ ಕೊಡದತ್ತ ಹೋಗುತ್ತಿದ್ದಳು.

ಹೋದದ್ದು ಹದಿನೆಂಟು ರೂಪಾಯಿ ಆರಾಣೆ, ಒಂದು ಕಣ್ಣು.