ಅಕ್ಕ ಎಲ್ಲರ ಮಾತನ್ನೂ ಆಡಿದ ಸಂಜೆ

ನಮ್ಮ ನಾಟಕ ಮಂಡಳಿಯಲ್ಲಿ ಮಾತು ಬಾಯಿಪಾಠ ಮಾಡಿಕೊಂಡು ಬರುವ ಪುಣ್ಯಾತ್ಮರು ಒಬ್ಬರೂ ಇಲ್ಲ. ಯಾಕೆ ಮಾಡಬೇಕು? ಪಕ್ಕದ ಪರದೆಯ ಮರೆಯಲ್ಲಿ ಸ್ಟೂಲಿನ ಮೇಲೆ ನನ್ನ ಅಕ್ಕ ಕೂತಿರುತ್ತಾಳಲ್ಲ! ಹಗಲೆಲ್ಲ ಔಷಧಿ ಅಂಗಡಿಯಲ್ಲಿ ಡಾಕ್ಟರುಗಳ ಕಾಗೆ ಕಾಲಿನ ಅಕ್ಷರ ಓದುವವಳು, ಸಂಜೆ ಪುಸ್ತಕ ಹಿಡಿದು ಇಪ್ಪತ್ತೆರಡು ವರ್ಷದಿಂದ ಇವರಿಗೆಲ್ಲ ಮಾತು ಎತ್ತಿಕೊಡುತ್ತಿದ್ದಾಳೆ. ಚಪ್ಪಾಳೆ ಅವರಿಗೆ, ಗಂಟಲು ನೋವು ಇವಳಿಗೆ. ಮಂಡಳಿಯ ದರ್ಜಿಯಾದ ನನಗೆ ಇದನ್ನು ನೋಡಿದಾಗಲೆಲ್ಲ ಮೈ ಉರಿಯುತ್ತಿತ್ತು. ಒಂದೇ ಒಂದು ಸಲ ರಂಗದ ಮೇಲೆ ನಿಲ್ಲಬೇಕೆಂಬ ಆಸೆ ಅಕ್ಕನಿಗೆ. ನಿರ್ದೇಶಕರಾದ ಗಣಿತದ ಮೇಷ್ಟ್ರು ಮಾತ್ರ, "ನಿಮ್ಮನ್ನ ಅಲ್ಲಿಂದ ಎಬ್ಬಿಸಿದ್ರೆ ನಾಟಕಾನೇ ಮುಳುಗುತ್ತಮ್ಮ" ಎಂದು ಪ್ರತಿ ಸಲ ಜಾರಿಕೊಳ್ಳುತ್ತಿದ್ದರು.

ಈ ಸಲ ಇಂಗ್ಲಿಷರ ಹಳೆಯ ಹಾಸ್ಯ ನಾಟಕ. ಹೆಜ್ಜೆಗೊಂದು ವಿನಯ, ಬಾಯಿ ತೆರೆದರೆ ಕುಟುಕು. ಅದರಲ್ಲಿ ದೊಡ್ಡ ಮನೆತನದ ಗತ್ತಿನ ಯಜಮಾನಿಯ ಪಾತ್ರ ಹಲ್ಲಿನ ಡಾಕ್ಟರಮ್ಮನದು. ಆ ಯಜಮಾನಿಯ ಮಗಳನ್ನು ಮದುವೆಗೆ ಕೇಳಿಕೊಂಡು ಬರುವ ತರುಣನಾಗಿ ನಮ್ಮ ಎಲೆಕ್ಟ್ರಿಷಿಯನ್. ನಾಟಕದ ದಿನ ಮಧ್ಯಾಹ್ನ ಡಾಕ್ಟರಮ್ಮನ ಗಂಟಲು ಪೂರ್ತಿ ಕಟ್ಟಿಹೋಯಿತು. ಮೇಷ್ಟ್ರು ತಲೆ ಮೇಲೆ ಕೈಹೊತ್ತು ಕೂತರು.

"ಅಕ್ಕನಿಗೆ ಅಷ್ಟೂ ಮಾತು ಬರುತ್ತೆ," ಎಂದೆ.

"ಮಾತು ಬಂದ್ರೆ ಸಾಕೇನಯ್ಯಾ? ನಿಲ್ಲೋದು, ನಡೆಯೋದು ಬೇಡ್ವಾ?"

ಅಕ್ಕ ಎದ್ದು ನಿಂತಳು. "ಇವತ್ತೊಂದಿನ ನೋಡಿ ಮೇಷ್ಟ್ರೇ. ಕೆಟ್ಟರೆ ಇನ್ನು ಯಾವತ್ತೂ ಕೇಳಲ್ಲ."

ಡಾಕ್ಟರಮ್ಮ ಒಳ್ಳೇ ದಪ್ಪ, ಅಕ್ಕ ಕಡ್ಡಿ. ಗೌನನ್ನು ಬೆನ್ನ ಹಿಂದೆ ಪಿನ್ನು ಚುಚ್ಚಿ ಬಿಗಿದು, ಪುಸ್ತಕ ಹಿಡಿದು ನಾನೇ ಸ್ಟೂಲಿನ ಮೇಲೆ ಕೂತೆ.

ಮೊದಲ ದೃಶ್ಯದಲ್ಲೇ ಎಡವಟ್ಟಾಯಿತು. ಎಲೆಕ್ಟ್ರಿಷಿಯನ್ "ಅಮ್ಮ, ನನ್ನ ಆದಾಯ..." ಎಂದು ತಡವರಿಸಿದ. ಅಕ್ಕ ಅಭ್ಯಾಸಬಲದಿಂದ "ಅಲ್ಪ, ಆದರೆ ಪ್ರೀತಿ ಅಪಾರ" ಎಂದು ಪಿಸುಗುಟ್ಟಿಬಿಟ್ಟಳು. ಆ ಪುಟ್ಟ ಸಭಾಂಗಣದಲ್ಲಿ ಅದು ಕೊನೆಯ ಸಾಲಿಗೂ ಕೇಳಿಸಿತು. ಅಕ್ಕನ ಮುಖ ಬಿಳಿಚಿತು, ನನ್ನ ಜೀವ ಬಾಯಿಗೆ ಬಂತು. ಮರುಕ್ಷಣ ಸಭೆ ಗೊಳ್ಳೆಂದಿತು. ಈ ಯಜಮಾನಿ ಯಾರ ಮಾತನ್ನೂ ಮುಗಿಸಲು ಬಿಡದ ಹೆಂಗಸು ಎಂದುಕೊಂಡರು ಅವರು! ಸೇವಕ ತಡವರಿಸಿದಾಗಲೂ ಅಕ್ಕನ ನಾಲಿಗೆ ಜಾರಿತು. ಮೂರನೆಯ ಸಲ ಅವಳು ಬೇಕೆಂತಲೇ ಹುಬ್ಬೇರಿಸಿ ಮಗಳ ಮಾತನ್ನೂ ತಾನೇ ಆಡಿದಳು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

ಕೊನೆಯ ದೃಶ್ಯದಲ್ಲಿ ಯಜಮಾನಿ ಮದುವೆಗೆ ಒಪ್ಪಿಗೆ ಕೊಡಬೇಕು. ಅಕ್ಕ ಬಾಯಿ ತೆರೆದಳು, ಮಾತು ಹೊರಡಲಿಲ್ಲ. ಮರೆತೇಹೋಗಿತ್ತು! ನನ್ನತ್ತ ನೋಡಿದಳು. ನಗುವ ಭರದಲ್ಲಿ ನಾನು ಹಾಳೆಯನ್ನೇ ತಿರುವಿರಲಿಲ್ಲ, ಇನ್ನೂ ಎರಡನೆಯ ಅಂಕದಲ್ಲಿದ್ದೆ. ಅವಸರದಲ್ಲಿ ಹಾಳೆ ತಿರುವಲು ಹೋಗಿ ಪುಸ್ತಕವನ್ನೇ ಕೆಳಗೆ ಬೀಳಿಸಿದೆ. ನನ್ನಂಥ ದಂಡಪಿಂಡ ತಮ್ಮ ಯಾರಿಗೂ ಬೇಡ.

ಆಗ, ತನ್ನ ಮಾತು ಒಂದೂ ನೆನಪಿಡದ ಆ ಎಲೆಕ್ಟ್ರಿಷಿಯನ್, ಬಾಗಿ ನಮಸ್ಕರಿಸಿ, "'ಮಗಳ ಕೈ ಹಿಡಿಯಿರಿ, ನನ್ನ ಒಪ್ಪಿಗೆ ಇದೆ' ಎನ್ನಲು ಹೊರಟಿದ್ದಿರಿ, ಅಲ್ಲವೇ ಅಮ್ಮ?" ಎಂದ.

ಅಕ್ಕ ಅವನನ್ನು ಅಡಿಯಿಂದ ಮುಡಿವರೆಗೆ ಅಳೆದಳು. "ಹೌದು. ಈ ಮನೆಯಲ್ಲಿ ನನ್ನ ಬಾಯಿಂದ ಮಾತು ಕಿತ್ತುಕೊಂಡವರು ನೀವೊಬ್ಬರೇ. ಅಳಿಯನಾಗಲು ಅಷ್ಟು ಸಾಕು."

ಪುಸ್ತಕದಲ್ಲಿ ಇಂಥ ಮಾತೇ ಇಲ್ಲ. ಸಭಾಂಗಣ ಬಿರಿಯುವಂತೆ ಚಪ್ಪಾಳೆ ಬಿತ್ತು.

ನಾಟಕ ಮುಗಿದು, ಜನರಿಗೆ ಕೈಮುಗಿಯಲು ನಟರೆಲ್ಲ ಸಾಲಾಗಿ ನಿಂತಾಗ ಅಕ್ಕ ಮಾತ್ರ ಗೌನು ಎತ್ತಿ ಹಿಡಿದುಕೊಂಡು ಸರಸರನೆ ಪರದೆಯ ಮರೆಗೆ ಬಂದುಬಿಟ್ಟಳು. ಅಡ್ಡ ನಿಂತಿದ್ದ ಮೇಷ್ಟ್ರು ಕಣ್ಣೊರೆಸಿಕೊಳ್ಳುತ್ತ, "ಎಲ್ಲಿಗ್ ಬರ್ತೀರಾ ತಾಯಿ? ಇನ್ಮೇಲೆ ನಿಮ್ಮ ಜಾಗ ಅಲ್ಲೇ!" ಎಂದರು.

ಅಕ್ಕ ಏದುಸಿರು ಬಿಡುತ್ತ ನನ್ನ ತೋಳು ಹಿಡಿದಳು. "ನಂದಿನ್ನೂ ಮಾತಿದೆಯೇನೋ? ಅಲ್ಲಿ ಹೋಗಿ ಏನ್ ಹೇಳ್ಬೇಕು?"

"ಏನೂ ಹೇಳ್ಬೇಡ ಅಕ್ಕಾ. ಸುಮ್ನೆ ಹೋಗಿ ನಿಂತ್ಕೋ. ಜನ ಎಲ್ಲ ಎದ್ದು ನಿಂತಿರೋದು ನಿನಗೆ."