ಮುಳ್ಳಿನ ತಲೆಯ ಮೇಲೆ ನಾಲ್ಕಾಣೆ

ರಿಕಾರ್ಡಿನ ಮುಳ್ಳು ಹಾರತೊಡಗಿದರೆ ಚಾಂದಪಾಶಾ ಜೇಬಿನಿಂದ ನಾಲ್ಕಾಣೆ ತೆಗೆದು ಅದರ ತಲೆಯ ಮೇಲೆ ಇಟ್ಟುಬಿಡುತ್ತಿದ್ದ. ಇಪ್ಪತ್ತು ವರ್ಷ ಮೈಕ್ ಸೆಟ್ ನಡೆಸಿದವನ ವಿದ್ಯೆ ಇಷ್ಟೇ. ಜೊತೆಗೆ ಕೆಲಸ ಮಾಡುವ ಅಂಬಣ್ಣನಿಗೆ ಅವನು ಬೇಡವಾಗಲು ಅದೊಂದೇ ಸಾಕಾಗಿತ್ತು.

ಜಗತ್ ಬಡಾವಣೆಯಲ್ಲಿದ್ದ ಕಲ್ಯಾಣಪ್ಪನ ಮೈಕ್ ಸೆಟ್ ಅಂಗಡಿಗೆ ತೊಂಬತ್ತೆಂಟರ ಬೇಸಿಗೆಯಲ್ಲಿ ಹೈದರಾಬಾದಿನಿಂದ ಹಳೆಯದೊಂದು ಡಿಜೆ ಟರ್ನ್‌ಟೇಬಲ್ ಬಂತು. ಕಮಲಾಪುರದ ಮದುವೆಯಲ್ಲಿ ಅಕ್ಕಿಕಾಳು ಬೀಳುವ ಗಳಿಗೆಗೆ ಸರಿಯಾಗಿ ಹಾಡು ಎತ್ತಿದವನಿಗೇ ಮಷೀನು, ಇನ್ನೊಬ್ಬನಿಗೆ ಜನರೇಟರು ಎಂದ ಕಲ್ಯಾಣಪ್ಪ. ಮೊದಲ ಸರದಿ ಓದಿದವನಿಗೆ. ಬಿಎಸ್ಸಿ ಮುಗಿಸಿ ಎರಡು ವರ್ಷ ಜನರೇಟರಿನ ಹಗ್ಗ ಎಳೆದಿದ್ದ ಅಂಬಣ್ಣ ಮಷೀನಿನ ಜೊತೆ ಬಂದ ಪುಸ್ತಕವನ್ನು ಮೂರು ಸಲ ಓದಿದ.

ಅವನು ಚಾಂದಪಾಶಾನಿಗೆ ಮಷೀನು ತೋರಿಸಿಕೊಟ್ಟ ದಿನ ಕರೆಂಟ್ ಇರಲಿಲ್ಲ. ಡೀಸೆಲ್ ಸುಡಲು ಕಲ್ಯಾಣಪ್ಪ ಒಪ್ಪಲಿಲ್ಲ. ಪಾಠ ಬಾಯಲ್ಲೇ ನಡೆಯಿತು.

“ನೋಡ್ರಿ ಚಾಚಾ, ಈ ಬಟ್ಟಿ ಹಾಸಿನ ಮ್ಯಾಲೆ ರಿಕಾರ್ಡ್. ಬೆರಳಿಲೆ ರಿಕಾರ್ಡ್ ತಡದ್ರೂ ಕೆಳಗಿನ ತಟ್ಟಿ ತಿರಗ್ತಾನೇ ಇರ್ತದ. ಬಿಟ್ಟ ಗಳಿಗ್ಯಾಗ ಹಾಡು.”

“ಮತ್ತ ತಟ್ಟಿ ಅಂಚಿನ ಈ ಚುಕ್ಕಿ?”

“ಕೆಂಪು ದೀಪದಾಗ ಅವು ನಿಂತಂಗ ಕಂಡ್ರ ವೇಗ ಬರೋಬ್ಬರಿ. ಓಡಿದ್ರ ಈ ಗುಂಡಿ ಮ್ಯಾಲ ಕೆಳಗ ಜಾರಸಬೇಕು.”

“ತಿರಗೂದು ನಿಂತಂಗ ಕಾಣ್ತದ?”

“ಅದಕ್ಕ ಓದಿರಬೇಕಾಗ್ತದ.”

“ಹೌದ್ ಬಿಡ್ರಿ ಡಿಗ್ರಿ ಸಾಬ್. ನಾವು ಓಡಿದ್ದು ಓಡಿದಂಗ, ನಿಂತದ್ದು ನಿಂತಂಗ ನೋಡಿದವ್ರು.”

ಅಂಬಣ್ಣ ಮುಳ್ಳು ಹೊತ್ತ ತೋಳಿನ ಹಿಂತುದಿಯಲ್ಲಿದ್ದ ಗುಂಡನ್ನು ತಿರುಗಿಸಿ, ತೋಳು ತಕ್ಕಡಿಯಂತೆ ಸಮನಾಗಿ ತೇಲುವಂತೆ ಮಾಡಿದ. ಗುಂಡಿನ ಮುಂದೆ ಅಂಕಿ ಬರೆದ ತೆಳು ಬಳೆಯಿತ್ತು. ಅದನ್ನು ಸೊನ್ನೆಗೆ ತಂದು, ಅಲ್ಲಿಂದ ಮೂರಕ್ಕೆ ತಿರುಗಿಸಿದ. ಪುಸ್ತಕ ಹೇಳಿದ ಮೂರು ಗ್ರಾಂ.

“ಇನ್ನ ನಿಮ್ಮ ಚಾರಾಣೆ ಬೀಡಿಗಿ ಇಟಗೋರಿ.”

ಚಾಂದಪಾಶಾ ಒಂದೇ ಬೆರಳಿನ ತುದಿಯಿಂದ ತೋಳನ್ನು ಎತ್ತಿ ನೋಡಿದ. “ಹಗುರ ಅನಸ್ತದಲ್ಲ?”

“ಮೂರು ಅಂತ ಬರದದ. ಕಾಣಂಗಿಲ್ಲೇನು?”

ಮುದುಕ ಸುಮ್ಮನಾದ. ಅಂಬಣ್ಣನಿಗೆ ಮೌನ ಇಷ್ಟ. ಆದರೆ ಇದು ತಿಳಿಯದವನ ಮೌನ ಎಂದುಕೊಂಡು ಅದನ್ನೂ ಕೀಳಾಗಿ ಕಂಡ.

ಕಮಲಾಪುರದಲ್ಲಿ ಹಂದರದ ಕಂಬಗಳಿಗೆ ಗೊನೆ ಸಮೇತ ಕೆಂಪು ಬಾಳೆ ಕಟ್ಟಿದ್ದರು. ಮಟಮಟ ಮಧ್ಯಾಹ್ನ. ಮುಷ್ಟಿಯಲ್ಲಿ ಅಕ್ಕಿಕಾಳು, ಕಣ್ಣು ಮಾತ್ರ ಊಟದ ಕಡೆ. ಈ ಜನಕ್ಕೆ ಇಂಥ ಮಷೀನೇ ಎನಿಸಿತು ಅಂಬಣ್ಣನಿಗೆ. ದೂರದ ತೋಟದ ಅಂಚಿನಲ್ಲಿ ಚಾಂದಪಾಶಾ ಜನರೇಟರ್ ಎಬ್ಬಿಸಿ ಬಂದ. ಕೆಂಪು ದೀಪ ಹತ್ತಿತು. ತಿರುಗುವ ತಟ್ಟೆಯ ಅಂಚಿನಲ್ಲಿ ಚುಕ್ಕೆಗಳು ನಿಂತುಬಿಟ್ಟವು. ಅಷ್ಟು ಗದ್ದಲದ ನಡುವೆ ಅಷ್ಟು ಸ್ತಬ್ಧವಾದದ್ದನ್ನು ಅವನು ಕಂಡಿರಲಿಲ್ಲ. ಮುಳ್ಳು ಇಳಿಸಿ, ರಿಕಾರ್ಡನ್ನು ಬೆರಳಲ್ಲಿ ತಡೆದು, ಆ ಚುಕ್ಕೆಗಳನ್ನೇ ನೋಡುತ್ತ ನಿಂತ.

ಮಂಗಳಾಷ್ಟಕ ಮುಗಿಯಿತು. “ಸಾವಧಾನ!”

ಅಕ್ಕಿಕಾಳು ಹಾರಿದವು. ಅಂಬಣ್ಣ ಬೆರಳು ಬಿಟ್ಟ. ಸ್ಪೀಕರು ಒಮ್ಮೆ ಕರ್ರೆಂದಿತು. ಮುಳ್ಳು ರಿಕಾರ್ಡಿನ ಮೇಲೆ ತೇಲುತ್ತ ಅಂಚಿಗೆ ಜಾರಿ ಹೊರಗೆ ಹೋಯಿತು. ಮದುಮಕ್ಕಳ ಮೇಲೆ ಅಕ್ಕಿ ಬೀಳುವ ಸಣ್ಣ ಸದ್ದು ಹಂದರಕ್ಕೆಲ್ಲ ಕೇಳಿಸಿತು.

“ಏನ್ರೀ ಕಲ್ಯಾಣಪ್ಪನೋರ, ಮದಿವಿಗಿ ಬಂದೀರೋ, ಮಣ್ಣಿಗಿ ಬಂದೀರೋ?” ಎಂದಳು ಮದುಮಗಳ ಸೋದರತ್ತೆ ಸೂಗಮ್ಮ.

ಚಾಂದಪಾಶಾ ಅಂಬಣ್ಣನನ್ನು ಮೊಣಕೈಯಿಂದ ಸರಿಸಿ, ಮುಳ್ಳಿನ ತಲೆಯ ಮೇಲೆ ನಾಲ್ಕಾಣೆ ಇಟ್ಟು, ತೋಳನ್ನು ಇಳಿಸಿದ. ಹಾಡು ಎದ್ದಿತು. ಜನ ಮತ್ತೆ ಅಕ್ಕಿ ಎರಚಿದರು.

“ಬಳಿ ಒಂದೇ ತಿರುಗಿಸೀರಿ, ಗುಂಡು ಬಿಟ್ಟೀರಿ,” ಎಂದ ಮೆಲ್ಲಗೆ. “ಅಂಕಿ ಬಂತು, ಭಾರ ಬರಲಿಲ್ಲ.”

“ಅವತ್ತೇ ಹೇಳಬೇಕಿತ್ತು!”

“ಹೇಳಿದ್ನಲ್ಲ, ಹಗುರ ಅಂತ?”

ಸೊನ್ನೆಗೆ ತರುವಾಗ ಬಳೆಯೊಂದನ್ನೇ, ಆಮೇಲೆ ಗುಂಡು ಬಳೆ ಎರಡನ್ನೂ ಕೂಡಿಸಿ ತಿರುಗಿಸಬೇಕು. ಮೂರು ಸಲ ಓದಿದ್ದ ಸಾಲು. ಕಲ್ಯಾಣಪ್ಪ ಗದ್ದವನ್ನು ಜನರೇಟರಿನ ಕಡೆ ಆಡಿಸಿದ.

ತೋಟದ ಅಂಚಿನಲ್ಲಿ ಕುಳಿತ ಅಂಬಣ್ಣನಿಗೆ, ಕಾಲೇಜಿನ ತಕ್ಕಡಿಯಲ್ಲಿ ಒಮ್ಮೆ ನಾಲ್ಕಾಣೆ ತೂಗಿದ್ದು ನೆನಪಾಯಿತು. ಮೂರು ಗ್ರಾಂಗೆ ಕೂದಲಷ್ಟು ಕಡಿಮೆ. ಪುಸ್ತಕ ಕೇಳಿದ ಭಾರವನ್ನೇ ಮುದುಕ ಇಟ್ಟಿದ್ದ. ‘ತಿಳಿಯದೆ ಇಟ್ಟದ್ದು’ ಎಂದು ಅಂಬಣ್ಣ ಗಟ್ಟಿಯಾಗಿ ಅಂದ. ಜನರೇಟರಿನ ಸದ್ದಿನಲ್ಲಿ ಅದು ಅವನಿಗೇ ಕೇಳಿಸಲಿಲ್ಲ.